ಮಾದರಿ ಹಿತ್ತಲು

“ಬಾಗ್ಲು ತೆಗಿಯೇ,” ಎಂದು ದುರ್ಗಮ್ಮ ಇನ್ನೊಂದು ಸಲ ಬಡಿದರು. “ಕತ್ಲಾಗ್ತಾ ಬಂತು. ಒಲೆ ಮೇಲೆ ಏನಿಟ್ಟಿದೀಯೋ, ಸೀದ ವಾಸ್ನೆ ಬರ್ತಿದೆ.”

ಕತ್ತಲಾಗಲು ಇನ್ನೂ ಇಡೀ ಹಗಲಿತ್ತು. ಬಸಳೆ ಚಪ್ಪರದ ಸಂದಿಯಿಂದ ಬೆಳಗಿನ ಬಿಸಿಲು ಅವರ ಬೆನ್ನಿನ ಮೇಲೆ ಬೀಳುತ್ತಿತ್ತು. ಗಿಡ ನೋಡಲು ಬಂದಿದ್ದ ಶಾಲೆಯ ಮಕ್ಕಳು ಸಾಲು ಮುರಿದು ನಿಂತಿದ್ದರು. ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ನಗು ಸಾಲಿನ ಕೊನೆಯವರೆಗೂ ಹಬ್ಬಿತು.

ಆ ಬಾಗಿಲ ಹಿಂದೆ ಮನೆಯಿರಲಿಲ್ಲ, ಕಾಂಪೌಂಡ್ ಗೋಡೆಯಿತ್ತು. ಕೆಡವಿದ ಯಾವುದೋ ಮನೆಯ ಬಾಗಿಲನ್ನು ಚೌಕಟ್ಟಿನ ಸಮೇತ ತಂದು ಗೋಡೆಗೆ ಒರಗಿಸಿ ಸಿಮೆಂಟು ಹಾಕಿ ನಿಲ್ಲಿಸಿದ್ದರು. ಹಿತ್ತಲು ಅಂದಮೇಲೆ ಹಿತ್ತಲ ಬಾಗಿಲು ಬೇಡವೇ ಎಂದು ವೃಕ್ಷವನದ ಕಾರ್ಯದರ್ಶಿ ಹರ್ಷವರ್ಧನ ಅವರಿಗೆ ಅನ್ನಿಸಿತ್ತು. ಭಾನುವಾರ ಬರುವವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ವಾಣಿ ಕೈಯಲ್ಲಿದ್ದ ಪೈಪನ್ನು ಬಾಳೆಯ ಬುಡಕ್ಕೆ ಬಿಟ್ಟು ಬಂದಳು. “ಅತ್ತೆ, ಬನ್ನಿ ಈ ಕಡೆ. ನೆರಳಲ್ಲಿ ಕೂತ್ಕೊಳ್ಳಿ.”

ದುರ್ಗಮ್ಮ ತಿರುಗಿ ನೋಡಿದರು. ಅವರ ಮುಖ ಸಡಿಲವಾಯಿತು. “ಬಂದ್ಯಾ ಸೆಲ್ವಿ? ನೋಡೇ, ನಮ್ಮ ವಾಣಿ ಒಳಗಡೆ ಇದಾಳೆ, ತೆಗೀತಾ ಇಲ್ಲ. ಕೇಳ್ಸುತ್ತೆ ಅದಕ್ಕೆ. ಬೇಕೂಂತ್ಲೇ ತೆಗೀತಾ ಇಲ್ಲ.”

“ತೆಗೀತಾಳೆ ಬಿಡಿ. ಬನ್ನಿ,” ಎಂದಳು ವಾಣಿ.

ಸೆಲ್ವಿ ಎಂಬುವಳು ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ದುರ್ಗಮ್ಮನ ಪಕ್ಕದ ಮನೆಯಾಕೆ. ಗಂಡ ಕಾರ್ಖಾನೆ ಬಿಟ್ಟ ಮೇಲೆ ಸೇಲಂ ಕಡೆಗೆ ಹೋದವಳು. ಈಗ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ. ಕಳೆದ ವರ್ಷದಿಂದ ದುರ್ಗಮ್ಮನ ಲೆಕ್ಕದಲ್ಲಿ ವಾಣಿಯೇ ಸೆಲ್ವಿ. ಮೊದಮೊದಲು ವಾಣಿ, “ನಾನು ಅತ್ತೆ, ವಾಣಿ,” ಎಂದು ತಿದ್ದುತ್ತಿದ್ದಳು. ಆಗ ಅವರು ಗಾಬರಿಯಾಗಿ ಅಳುತ್ತಿದ್ದರು. ಆಮೇಲೆ ತಿದ್ದುವುದನ್ನು ಬಿಟ್ಟಳು. ಹಾಗೆ ಬಿಟ್ಟ ಮೇಲೆ, ಮೂವತ್ತು ವರ್ಷ ತನ್ನ ಬಗ್ಗೆ ಅತ್ತೆಗೆ ಏನೇನು ಅನ್ನಿಸಿತ್ತೋ ಅದನ್ನೆಲ್ಲ ದಿನವೂ ಕೂತು ಕೇಳಬೇಕಾಯಿತು. ಸಾರಿಗೆ ಹುಳಿ ಜಾಸ್ತಿ ಹಾಕುತ್ತಾಳೆ. ತವರಿನವರು ಬಂದರೆ ಮಾತ್ರ ನಗುತ್ತಾಳೆ. ಮಕ್ಕಳಾಗಲಿಲ್ಲವೆಂದು ನಾನೊಂದು ಮಾತು ಆಡಲಿಲ್ಲ, ಆದರೂ ಮುಖ ಊದಿಸಿಕೊಂಡೇ ಇರುತ್ತಾಳೆ. ವಾಣಿ “ಹೌದಾ” ಅನ್ನುತ್ತಿದ್ದಳು.

ವಿನೋಬನಗರದ ಅಂಚಿನಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗದಲ್ಲಿ ಬಡಾವಣೆಯವರೇ ಸೇರಿ ಮಾಡಿದ್ದ ವೃಕ್ಷವನ ಅದು. ಒಂದು ಕಡೆ ನಕ್ಷತ್ರವನ. ಜನ ಅಲ್ಲಿ ತಮ್ಮ ಜನ್ಮನಕ್ಷತ್ರದ ಮರ ಹುಡುಕಿ ಅದಕ್ಕಷ್ಟೇ ನೀರು ಹಾಕಿ ಹೋಗುತ್ತಿದ್ದರು. ಅದರಾಚೆ ಚಿಟ್ಟೆಗಳ ತೋಟ, ಆಡುಸೋಗೆ, ಅಮೃತಬಳ್ಳಿಗಳ ಮನೆಮದ್ದಿನ ತೋಟ, ಕತ್ತಾಳೆ, ಲೋಳೆಸರ ನೆಟ್ಟ ನೀರು ಬೇಡದ ತೋಟ. ಒಂದೊಂದನ್ನು ಒಬ್ಬೊಬ್ಬರು ವಹಿಸಿಕೊಂಡಿದ್ದರು. ಬಾಡಿಗೆ ಮನೆಯವರೂ ಸಣ್ಣ ಸೈಟಿನವರೂ ನೋಡಿ ಕಲಿಯಲೆಂದು ಒಂದು ಮಾದರಿ ಹಿತ್ತಲು ಮಾಡಬೇಕು ಎಂಬ ಮಾತು ಬಂದಾಗ, ಸಹಕಾರಿ ಸಂಘದ ಕೆಲಸ ಬಿಟ್ಟು ಮನೆಯಲ್ಲಿದ್ದ ವಾಣಿ ತಾನು ಮಾಡುತ್ತೇನೆ ಅಂದಳು. ಆಗ ಅತ್ತೆ ಇಷ್ಟು ಮರೆತಿರಲಿಲ್ಲ.

ಹಿತ್ತಲೆಂದರೆ ವಾಣಿಗೆ ಗೊತ್ತಿದ್ದದ್ದು ಒಂದೇ. ಮದುವೆಯಾಗಿ ಬಂದು ಇಳಿದ ಕ್ವಾರ್ಟರ್ಸಿನ ಹಿತ್ತಲು. ಬಟ್ಟೆ ಒಗೆಯುವ ಕಲ್ಲು, ಬಚ್ಚಲ ನೀರು ಹರಿಯುವ ಕಡೆ ಬಾಳೆ, ಅದರ ಪಕ್ಕ ಕರಿಬೇವು, ಎಡಕ್ಕೆ ಬಸಳೆ ಚಪ್ಪರ, ಮೂಲೆಯಲ್ಲಿ ನುಗ್ಗೆ, ಬೇಲಿಗೆ ದಾಸವಾಳ, ಕಲ್ಲಿನ ಸುತ್ತ ದೊಡ್ಡಪತ್ರೆ. ಹೆಚ್ಚು ಯೋಚಿಸದೆ ಅದನ್ನೇ ಇಲ್ಲಿಗೆ ಇಳಿಸಿದ್ದಳು. ಮನೆಯಲ್ಲಿ ಒಬ್ಬರನ್ನೇ ಬಿಡಲಾಗದೆ ಅತ್ತೆಯನ್ನು ಕರೆತರತೊಡಗಿದ ಮೊದಲ ದಿನವೇ ಅವರು ನೇರ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತರು. ಕರಿಬೇವು ಮುರಿದು ಮೂಸಿದರು. ಆಮೇಲೆ ಎದ್ದು, ಬಾಗಿಲು ತಳ್ಳಿದರು. ಅಂದಿನಿಂದ ದಿನಾ ಅದೇ.

ಮಕ್ಕಳ ಸಾಲು ನಕ್ಷತ್ರವನದ ಕಡೆ ಹೋದ ಮೇಲೆ ಹರ್ಷವರ್ಧನ ಬಂದರು. ಅವರು ಒಳ್ಳೆಯ ಮನುಷ್ಯ. ಬೇಸರದ ಮಾತು ಆಡಬೇಕಾದಾಗ ಕನ್ನಡಕ ತೆಗೆದು ಒರೆಸುತ್ತಿದ್ದರು.

“ವಾಣಿ ಮೇಡಂ, ತಪ್ಪು ತಿಳ್ಕೋಬೇಡಿ. ಸ್ಕೂಲಿನೋರು ಬರೋ ದಿನ ಒಂದು, ಅಮ್ಮನ್ನ ಮನೇಲಿ ಬಿಟ್ಟು ಬನ್ನಿ. ಮಕ್ಕಳು ನಗ್ತಾವೆ. ನೋಡೋಕೆ ನಮಗೇ ಸಂಕಟ ಆಗುತ್ತೆ.”

“ಮನೇಲಿ ಯಾರ ಜೊತೆ ಬಿಡ್ಲಿ ಸರ್?”

ಅವರು ಇನ್ನೊಂದು ಗಾಜು ಒರೆಸಿದರು. “ಅದೂ ಹೌದು. ಕಾಂತರಾಜ್‌ಗೆ ಹೇಳಿ ಏನಾದ್ರೂ ವ್ಯವಸ್ಥೆ ನೋಡಿ.”

“ಹೂಂ. ಹೇಳ್ತೀನಿ.”

ವಾಣಿಯ ಗಂಡ ಕಾಂತರಾಜ್ ಕುಂಸಿಯ ಹೈಸ್ಕೂಲಿನಲ್ಲಿ ಗುಮಾಸ್ತ. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಬರುವುದು ಸಂಜೆ. ಬಂದವನು ಅಮ್ಮನ ಪಕ್ಕ ಕೂತು, “ಊಟ ಆಯ್ತಾ ಅಮ್ಮ?” ಎಂದು ಕೇಳುತ್ತಿದ್ದ. ಅವರು “ಆಯ್ತು ಕಣಪ್ಪ,” ಎನ್ನುತ್ತಿದ್ದರು. ಮಗನೆದುರು ಅವರ ಮಾತು ಹೇಗೋ ನೆಟ್ಟಗಿರುತ್ತಿತ್ತು. “ಚೆನ್ನಾಗೇ ಇದಾಳಲ್ಲ ಮಾರಾಯ್ತಿ,” ಎಂದು ಅವನು ಟಿವಿ ಹಾಕುತ್ತಿದ್ದ. ರಾತ್ರಿ ಅಮ್ಮ ಎದ್ದು ಪಾತ್ರೆಗಳನ್ನೆಲ್ಲ ಕೆಳಗಿಳಿಸುವುದು, ಬಚ್ಚಲಿನ ದಾರಿ ತಪ್ಪಿ ದೇವರ ಮನೆಯಲ್ಲಿ ಕೂರುವುದು, ಯಾವುದೂ ಅವನ ನಿದ್ದೆಯವರೆಗೆ ತಲುಪುತ್ತಿರಲಿಲ್ಲ. ಅಮ್ಮ ಮಲಗುವುದು ವಾಣಿಯ ಪಕ್ಕ, ಅವಳ ಸೆರಗು ಹಿಡಿದುಕೊಂಡು.

ಆವತ್ತಿನ ಹಿಂದಿನ ರಾತ್ರಿ ವಾಣಿ ಎರಡು ಸಲ ನೆಲ ಒರೆಸಿದ್ದಳು. ಮಕ್ಕಳಿಗೆ ಎಲ್ಲ ತೋರಿಸಿ, ಅವರ ಬಸ್ಸು ಹೋದ ಮೇಲೆ, ನೀರು ಬೇಡದ ತೋಟದ ಕಲ್ಲುಬೆಂಚಿನ ಮೇಲೆ ಸ್ವಲ್ಪ ಕೂತಳು. ಅಲ್ಲಿಗೆ ಯಾರೂ ಬರುವುದಿಲ್ಲ. ಕತ್ತಾಳೆಗಳು ಧೂಳು ಹಿಡಿದು ತಮ್ಮ ಪಾಡಿಗೆ ತಾವಿದ್ದವು. ಅಲ್ಲಿಂದ ನಕ್ಷತ್ರವನದ ಉದ್ದಕ್ಕೂ, ಗೇಟಿನವರೆಗೂ ಕಾಣುತ್ತಿತ್ತು.

ದುರ್ಗಮ್ಮ ಮರಗಳ ನಡುವೆ ನಡೆದು ಹೋಗುತ್ತಿದ್ದರು. ನೀಲಿ ಸೀರೆ, ಬೆಳಿಗ್ಗೆ ವಾಣಿಯೇ ಉಡಿಸಿದ್ದು. ನಡಿಗೆ ಗಟ್ಟಿಯಾಗಿತ್ತು, ಎಲ್ಲಿಗೋ ಹೋಗಬೇಕೆಂದು ಹೊರಟವರ ನಡಿಗೆ. ಗೇಟು ತೆರೆದಿತ್ತು. ಕಾವಲಿನ ಹುಲಿಯಪ್ಪನ ಕುರ್ಚಿ ಖಾಲಿಯಿತ್ತು. ಚಹಾ ಕುಡಿಯಲು ಹೋಗಿದ್ದನೇನೋ. ಅವರು ಗೇಟಿನ ಹತ್ತಿರ ಒಂದು ಗಳಿಗೆ ನಿಂತರು. ಆಚೆ ಈಚೆ ನೋಡಿದರು. ಹೊರಗೆ ಕಾಲಿಟ್ಟರು.

ವಾಣಿ ನೋಡುತ್ತಿದ್ದಳು. ಏಳಬೇಕು ಎಂದು ಗೊತ್ತಿತ್ತು. ಕೂಗಿದರೂ ಸಾಕಿತ್ತು. ಅವಳು ಕೂಗಲಿಲ್ಲ. ನೀಲಿ ಸೀರೆ ಗೋಡೆಯ ಮರೆಗೆ ಹೋಯಿತು. ಎಷ್ಟೋ ತಿಂಗಳಿಂದ ಇಲ್ಲದ ನಿಶ್ಶಬ್ದ ಒಂದು ಬಂದು ಅವಳ ಪಕ್ಕದಲ್ಲಿ ಕೂತಂತಾಯಿತು. ಈಗ ಏಳುತ್ತೇನೆ, ಇಗೋ ಎದ್ದೆ, ಅಂದುಕೊಳ್ಳುತ್ತಲೇ ಅವಳ ಕಣ್ಣು ಮುಚ್ಚಿತು.

ಎಚ್ಚರವಾದಾಗ ಬೆಂಚಿನ ಮೇಲೆ ಬಿಸಿಲು ಬಂದಿತ್ತು. ಕೆನ್ನೆ ಉರಿಯುತ್ತಿತ್ತು. ಗೇಟಿನ ಹತ್ತಿರ ಹುಲಿಯಪ್ಪ ವಾಪಸ್ಸು ಬಂದು ಕೂತಿದ್ದ.

ಆಮೇಲೆ ಅವಳು ಓಡಿದಳು. ಚಪ್ಪಲಿ ಒಂದು ಕಳಚಿ ಬಿತ್ತು, ತಿರುಗಿ ಬಂದು ಹಾಕಿಕೊಂಡಳು. ಹರ್ಷವರ್ಧನ ಸ್ಕೂಟರ್ ತೆಗೆದು ಬಡಾವಣೆಯ ಅಡ್ಡರಸ್ತೆಗಳನ್ನೆಲ್ಲ ನೋಡಲು ಹೋದರು. ರಸ್ತೆಯಾಚೆ ಎಳನೀರು ಮಾರುವ ಹೆಂಗಸು ಕತ್ತಿ ಕೆಳಗಿಟ್ಟು ಹೇಳಿದಳು: “ಅಜ್ಜಿ ಭದ್ರಾವತಿ ಬಸ್ ಹತ್ತಿದ್ರಲ್ಲಕ್ಕ. ಹೆಂಗಸರಿಗೆ ಈಗ ಟಿಕೆಟ್ ಇಲ್ಲವಲ್ಲ, ಕಂಡಕ್ಟರೇ ಕೈ ಹಿಡ್ಕೊಂಡು ಹತ್ತಿಸ್ಕೊಂಡ. ನೀವೇ ಕಳ್ಸಿದೀರ ಅಂದ್ಕೊಂಡೆ.”

ವಾಣಿ ಆಟೊ ಹಿಡಿದಳು. ಆಟೊದಲ್ಲಿ ಕೂತು ಕಾಂತರಾಜ್‌ಗೆ ಫೋನ್ ಮಾಡಿದಳು.

“ಹೆಂಗೆ ಹೋದ್ಲು? ನೀನೆಲ್ಲಿದ್ದೆ?” ಅಂದ ಅವನು.

“ಅಲ್ಲೇ ಇದ್ದೆ.”

“ಅಲ್ಲೇ ಇದ್ದು?”

ಗಾಳಿಯ ಸದ್ದು ಜಾಸ್ತಿಯಿತ್ತು. “ಆಮೇಲೆ ಹೇಳ್ತೀನಿ. ನೀವು ಮನೇಗೆ ಬಂದಿರಿ,” ಎಂದು ಫೋನ್ ಇಟ್ಟಳು.

ದಾರಿಯುದ್ದಕ್ಕೂ ಬಸ್ ಸ್ಟಾಪುಗಳಲ್ಲಿ ನೀಲಿ ಸೀರೆ ಹುಡುಕಿದಳು. ಬಹಳ ಜನ ನೀಲಿ ಸೀರೆ ಉಟ್ಟಿದ್ದರು. ಭದ್ರಾವತಿಯ ಬಸ್ ನಿಲ್ದಾಣದಲ್ಲಿ ಕೇಳಿದಳು, ಯಾರಿಗೂ ಗೊತ್ತಿರಲಿಲ್ಲ. ಸೇತುವೆ ದಾಟುವಾಗ ಕೆಳಗೆ ಭದ್ರೆಯ ನೀರಿನ ಕಡೆ ನೋಡಲಿಲ್ಲ. “ಕ್ವಾರ್ಟರ್ಸ್ ಕಡೆ ಹೋಗಣ್ಣ,” ಅಂದಳು. “ಅಲ್ಲಿ ಯಾರಿದಾರೆ ಈಗ?” ಎಂದ ಆಟೊದವನು. ಆದರೂ ತಿರುಗಿಸಿದ.

ಸಾಲಿನಲ್ಲಿ ಅರ್ಧಕ್ಕರ್ಧ ಮನೆಗಳು ಖಾಲಿಯಾಗಿದ್ದವು. ಕೆಲವಕ್ಕೆ ಹೆಂಚಿರಲಿಲ್ಲ. ಮೊದಲ ಮನೆಯ ಮುಂದೆ ಬಟ್ಟೆ ಹರವುತ್ತಿದ್ದ ಹೆಂಗಸು ವಾಣಿಯ ಮುಖ ನೋಡಿಯೇ, ಕೇಳುವ ಮೊದಲೇ ತಮಿಳು ಬೆರೆಸಿ ಹೇಳಿದಳು: “ಒಂದು ಪಾಟಿ ಬಂತಮ್ಮ, ವಯಸಾದೋರು. ಕಡೇ ಮನೆ ಹಿಂದ್ಗಡೆ ಕೂತಿದೆ. ನೀರು ಕೊಟ್ಟೆ, ಕುಡೀತು. ಕರೆದ್ರೆ ಬರಲ್ಲ ಅನ್ನುತ್ತೆ.”

ಕೊನೆಯದು ಹಿಂದೆ ತಾವಿದ್ದ ಮನೆಯೇ. ವಾಣಿ ಅದರ ಪಕ್ಕದಿಂದ ಹಿಂದಕ್ಕೆ ಹೋದಳು. ಹಿತ್ತಲೆಂಬುದು ಉಳಿದಿರಲಿಲ್ಲ. ಎದೆಯೆತ್ತರ ಪಾರ್ಥೇನಿಯಂ, ಒಡೆದ ಬಾಟಲಿಗಳು, ಬುಡ ಮಾತ್ರ ಉಳಿದ ನುಗ್ಗೆ. ಬಾಗಿಲನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ಖಾಲಿ ಚೌಕಟ್ಟಿನಲ್ಲಿ ಒಳಗಿನ ನೆಲ, ಅದರ ಮೇಲೆ ಬಿದ್ದ ಬಿಸಿಲು ಕಾಣುತ್ತಿತ್ತು. ಒಗೆಯುವ ಕಲ್ಲು ಹಾಗೇ ಇತ್ತು. ಅದರ ಮೇಲೆ ದುರ್ಗಮ್ಮ ಕಾಲು ಇಳಿಬಿಟ್ಟು, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದರು. ಸೀರೆಯ ಅಂಚಿಗೆ ಒಣಗಿದ ಮುಳ್ಳುಬೀಜ ಮೆತ್ತಿಕೊಂಡಿತ್ತು.

“ಅತ್ತೆ!”

ಅವರು ಬೆರಳನ್ನು ತುಟಿಗಿಟ್ಟರು. “ಮೆತ್ತಗೆ ಸೆಲ್ವಿ. ಒಳಗೆ ಮುದುಕಿ ಮಲಗಿದೆ. ಈಗ ತಾನೆ ಕಣ್ಣು ಮುಚ್ಚಿದೆ. ಎದ್ರೆ ಮತ್ತೆ ಶುರು.”

ವಾಣಿಗೆ ಯಾವ ಮುದುಕಿ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕಾಂತರಾಜನ ಅಜ್ಜಿ, ಅಂದರೆ ದುರ್ಗಮ್ಮನ ಅತ್ತೆ, ಕೊನೆಯ ಕೆಲವು ವರ್ಷ ಈ ಮನೆಯಲ್ಲೇ ಇದ್ದು ತೀರಿಕೊಂಡಿದ್ದರು, ವಾಣಿ ಬರುವುದಕ್ಕೆ ಎಷ್ಟೋ ಮೊದಲು. ಅವರೂ ಕಡೆಗೆ ಯಾರನ್ನೂ ಗುರುತಿಸುತ್ತಿರಲಿಲ್ಲವೆಂದು ಯಾರೋ ಯಾವಾಗಲೋ ಹೇಳಿದ್ದು ನೆನಪಾಯಿತು. ಅವಳು ಕಲ್ಲಿನ ತುದಿಯಲ್ಲಿ ಕೂತಳು. ಆಮೇಲೆ ಅಳು ಬಂತು.

“ಯಾಕೆ ಅಳ್ತೀಯೇ?” ದುರ್ಗಮ್ಮ ಬಗ್ಗಿ ನೋಡಿದರು. “ಮತ್ತೆ ಕುಡ್ಕೊಂಡು ಬಂದನಾ ನಿನ್ನ ಗಂಡ?”

“ಇಲ್ಲ ದುರ್ಗಕ್ಕ,” ಎಂದಳು ವಾಣಿ, ಸೆಲ್ವಿ ಕರೆಯುತ್ತಿದ್ದ ಹಾಗೆಯೇ. “ಸಾಕಾಗಿದೆ.”

“ಯಾರು, ನಿಮ್ಮತ್ತೆನಾ?”

“ಹೂಂ.”

“ಏನು ಮಾಡುತ್ತೆ?”

ವಾಣಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಯಾರಿಗೂ ಹೇಳದ್ದನ್ನು ಹೇಳತೊಡಗಿದಳು. “ರಾತ್ರಿ ಮಲಗಲ್ಲ. ಮಲಗೋಕೂ ಬಿಡಲ್ಲ. ಉಂಡು ಕೈ ತೊಳೆದಿರಲ್ಲ, ಊಟ ಹಾಕಿಲ್ಲ ಅಂತಾರೆ. ನನ್ನ ಹೆಸರು ಮರೆತುಬಿಟ್ಟಿದಾರೆ. ಬೈಯೋಕೆ ಮಾತ್ರ ನೆನಪು ಮಾಡ್ಕೋತಾರೆ. ಇವತ್ತು ಗೇಟ್ ದಾಟಿ ಹೋಗ್ತಿದ್ರು. ನೋಡ್ತಾ ಕೂತಿದ್ದೆ ದುರ್ಗಕ್ಕ. ಏಳ್ಲಿಲ್ಲ.”

ದುರ್ಗಮ್ಮ ನೆಟ್ಟಗೆ ಕೂತರು. ಅವರ ಮುಖದಲ್ಲಿ ಹಳೆಯ ಗತ್ತು ಬಂದಿತ್ತು. ಕ್ವಾರ್ಟರ್ಸಿನ ಹೆಂಗಸರ ಜಗಳಗಳನ್ನೆಲ್ಲ ಬಿಡಿಸುತ್ತಿದ್ದ ಕಾಲದ ಮುಖ.

“ಹೋದ್ರೆ ಹೋಗ್ಲಿ ಅನ್ನಿಸ್ತಾ?”

“ಹೂಂ.”

“ನಂಗೂ ಅನ್ಸುತ್ತೆ.” ಅವರು ಚೌಕಟ್ಟಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಈ ಮುದುಕಿ ಹೊಳೆ ಕಡೆ ಹೊರಟಾಗೆಲ್ಲ ಅನ್ಸುತ್ತೆ. ಆಮೇಲೆ ಓಡಿ ಹೋಗಿ ಎಳ್ಕೊಂಡು ಬರ್ತೀನಿ. ಏನ್ ಮಾಡೋದು. ಸಾಯೋತನಕ ಊಟಕ್ಕೆ ಹಾಕ್ಬೇಕು. ನೀನೂ ಹಾಕು. ಅದರ ಜೊತೆ ಜಾಸ್ತಿ ಮಾತಾಡ್ಬೇಡ, ಅಷ್ಟೆ.”

ವಾಣಿಗೆ ಅಳುವಿನ ನಡುವೆ ನಗು ಬಂದುಬಿಟ್ಟಿತು. ದುರ್ಗಮ್ಮನೂ ನಕ್ಕರು. ಒಳಗಿನ ಮುದುಕಿಗೆ ಕೇಳಿಸದಂತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

“ನಿನ್ನ ಗಂಡನಿಗೆ ಹೇಳಿದೀಯಾ?”

“ಇಲ್ಲ.”

“ನಾನೂ ಹೇಳಿಲ್ಲ. ಹೇಳಿದ್ರೆ ತಾನೇ ಅವಕ್ಕೆ ಗೊತ್ತಾಗೋದು.” ಆಮೇಲೆ ಕೇಳಿದರು, “ಈಗೆಲ್ಲಿದೆ ನಿಮ್ಮತ್ತೆ?”

“ಇಲ್ಲೇ ಇದಾರೆ.”

“ಹಂಗಾದ್ರೆ ಸರಿ.”

ಆಟೊದವನು ಹಾರನ್ ಹೊಡೆದ. ಮುದುಕಿ ಏಳುವುದರೊಳಗೆ ಪೇಟೆಗೆ ಹೋಗಿ ಬರೋಣ ಬಾ ದುರ್ಗಕ್ಕ ಎಂದು ವಾಣಿ ಕರೆದಾಗ ಅವರು ತಕರಾರಿಲ್ಲದೆ ಎದ್ದರು. ಕಲ್ಲಿನಿಂದ ಇಳಿಯುವಾಗ ವಾಣಿಯ ಭುಜ ಹಿಡಿದುಕೊಂಡರು. ಆಟೊದಲ್ಲಿ ಅವಳ ಮೇಲೆ ಒರಗಿ ನಿದ್ದೆ ಹೋದವರು ಮನೆ ಮುಟ್ಟುವವರೆಗೂ ಏಳಲಿಲ್ಲ.

ಕಾಂತರಾಜ್ ಗೇಟಿನಲ್ಲೇ ನಿಂತಿದ್ದ. ಅಮ್ಮನನ್ನು ಇಳಿಸಿಕೊಂಡು ಒಳಗೆ ಕರೆದೊಯ್ದು ಕೈಕಾಲು ತೊಳೆಸಿದ. ಅವರು ಊಟಕ್ಕೆ ಕೂತ ಮೇಲೆ ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿದ.

“ಆ ವೃಕ್ಷವನದೋರಿಗೆ ಹೇಳು, ಗೇಟಿಗೆ ಬೀಗ ಹಾಕಿಸ್ಲಿ ಮೊದ್ಲು. ಕಾಯೋನೊಬ್ಬನ್ನ ಇಟ್ಟು ಏನು ಬಂತು?”

“ಗೇಟಿನ ತಪ್ಪಲ್ಲ ರೀ.” ವಾಣಿ ಒಲೆ ಆರಿಸಿದಳು. “ಅವರು ಹೋಗೋದನ್ನ ನಾನು ನೋಡ್ದೆ. ಬೆಂಚಿನ ಮೇಲೆ ಕೂತಿದ್ದೆ. ಏಳ್ಲಿಲ್ಲ.”

“ಅಂದ್ರೆ?”

“ಅಂದ್ರೆ ಏಳ್ಲಿಲ್ಲ. ಹೋಗ್ಲಿ ಅನ್ನಿಸ್ತು. ಆಮೇಲೆ ಅಲ್ಲೇ ನಿದ್ದೆ ಬಂತು.”

ಕಾಂತರಾಜನ ಮುಖ ಕೆಂಪಾಯಿತು. ಏನೋ ಅನ್ನಲು ಹೋಗಿ ಅಮ್ಮ ಕೂತಿದ್ದ ಕಡೆ ನೋಡಿದ. “ಹೊಳೆಗೋ ಲಾರಿಗೋ ಸಿಕ್ಕಿದ್ರೆ ಏನು ಗತಿಯಾಗ್ತಿತ್ತು? ಇದನ್ನ ನಂಗ್ಯಾಕೆ ಹೇಳ್ತಿದೀಯ ಈಗ?”

“ನಾಳೇನೂ ಏಳ್ದೇ ಇರಬಹುದು, ಅದಕ್ಕೆ.”

ಅವನು ಬಾಗಿಲು ಬಿಟ್ಟು ಹೊರಟ. ಅಂಗಳಕ್ಕೆ ಹೋಗಿ ಕತ್ತಲಾಗುವವರೆಗೂ ಬೈಕಿನ ಮೇಲೆ ಕೂತಿದ್ದ. ಮರುದಿನವೂ ಅದರ ಮರುದಿನವೂ ವಾಣಿಯ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದ. ವಾಣಿ ವಿವರಿಸಲು ಹೋಗಲಿಲ್ಲ. ಹೇಳಿದ್ದಕ್ಕೆ ಪಶ್ಚಾತ್ತಾಪವಾಗುತ್ತದೇನೋ ಎಂದು ಕಾದಳು, ಆಗಲಿಲ್ಲ. ಮೂರನೆಯ ದಿನ ಸಂಜೆ ಅವನು ತನ್ನ ಹಾಸಿಗೆಯನ್ನು ತಂದು ಅಮ್ಮನ ಪಕ್ಕ ಹಾಸಿಕೊಂಡ. “ನೀನು ಆ ರೂಮಲ್ಲಿ ಮಲ್ಕೊ,” ಎಂದ, ಅವಳ ಮುಖ ನೋಡದೆ. ಬೆಳಿಗ್ಗೆ ಅವನ ಕಣ್ಣುಗಳು ಊದಿಕೊಂಡಿದ್ದವು. ಕಾಫಿ ಲೋಟ ಹಿಡಿದು ಅಡುಗೆಮನೆಗೆ ಬಂದ. “ದಿನಾ ಹಿಂಗೇನಾ?” ಎಂದು ಕೇಳಿದ. “ಕೆಲವು ದಿನ ಇದಕ್ಕಿಂತ ಜಾಸ್ತಿ,” ಅಂದಳು ವಾಣಿ.

ಶಾಲೆಯಲ್ಲಿ ಹೇಳಿ ವಾರದಲ್ಲಿ ಎರಡು ಮಧ್ಯಾಹ್ನ ಬೇಗ ಬರುವುದೆಂದು ಮಾಡಿಕೊಂಡ. ಭಾನುವಾರ ಅಮ್ಮನನ್ನು ವೃಕ್ಷವನಕ್ಕೆ ತಾನೇ ಕರೆದುಕೊಂಡು ಹೋಗುತ್ತೇನೆ ಎಂದ. ಅವನು ಅದರೊಳಗೆ ಕಾಲಿಟ್ಟಿದ್ದೇ ಇಲ್ಲ. ಹಿತ್ತಲು ಯಾವ ಕಡೆ ಎಂದು ಅವಳನ್ನು ಕೇಳಬೇಕಾಯಿತು. “ನಕ್ಷತ್ರವನ ದಾಟಿ ಬಲಕ್ಕೆ. ನೀವು ಕೇಳೋದೇ ಬೇಡ, ಅವರೇ ಕರ್ಕೊಂಡು ಹೋಗ್ತಾರೆ,” ಅಂದಳು.

ಆ ಭಾನುವಾರ ಅವರಿಬ್ಬರೂ ಹೊರಟು ಹೋದ ಮೇಲೆ ವಾಣಿ ನೆನೆಸಿಟ್ಟ ಬಟ್ಟೆಯನ್ನು ಒಗೆಯಲಿಲ್ಲ. ಹಾಲು ಕಾಯಿಸಿದಳು, ಕುಡಿಯಲು ಮರೆತಳು. ಹಾಸಿಗೆಯನ್ನೂ ಹಾಸದೆ ನಡುಮನೆಯ ನೆಲದ ಮೇಲೆ ಒರಗಿದಳು. ನೆಲ ತಣ್ಣಗಿತ್ತು.

ಫೋನ್ ಹೊಡೆದುಕೊಂಡಿತು. ಮೊದಲ ಸಲ ಎತ್ತಲಿಲ್ಲ. ಎರಡನೆಯ ಸಲ ಮಲಗಿದಲ್ಲಿಂದಲೇ ಕಿವಿಗಿಟ್ಟುಕೊಂಡಳು.

“ವಾಣಿ,” ಕಾಂತರಾಜನ ದನಿ ಪಿಸುಮಾತಿನಷ್ಟು ಸಣ್ಣಗಾಗಿತ್ತು. “ಅಮ್ಮ ನನ್ನ ಯಾರು ಅಂತ ಕೇಳ್ತಿದಾಳೆ. ಆಗ್ಲಿಂದ ಕೇಳ್ತಿದಾಳೆ. ಏನಂತ ಹೇಳ್ಲಿ?”

ವಾಣಿಗೆ ಅವನ ಬಗ್ಗೆ ಕನಿಕರವೆನ್ನಿಸಿತು. ಆದರೂ ಏಳಲಿಲ್ಲ.

“ಏನಾದ್ರೂ ಹೇಳಿ,” ಅಂದಳು. “ಪಕ್ಕದಲ್ಲಿ ಕೂತ್ಕೊಂಡು ಹೇಳಿ.”

ಅವನು ಇನ್ನೂ ಲೈನಿನಲ್ಲಿದ್ದ. ಅವನ ಉಸಿರು ಕೇಳಿಸುತ್ತಿತ್ತು. ಹಿಂದೆ ಎಲ್ಲೋ ಮಕ್ಕಳ ಗಲಾಟೆ. ಅವಳು ಫೋನನ್ನು ನೆಲದ ಮೇಲಿಟ್ಟು ಮಗ್ಗುಲಾದಳು. ಮೇಲಿನ ಮನೆಯವರು ಹರವಿದ್ದ ಸೀರೆಯೊಂದು ಕಿಟಕಿಯವರೆಗೂ ಇಳಿದಿತ್ತು. ಅದರ ತುದಿಯಲ್ಲಿ ನೀರು ಸೇರಿ, ತೂಗಿ, ಒಂದೊಂದೇ ಹನಿಯಾಗಿ ಕಿಟಕಿಯ ಸರಳಿನ ಮೇಲೆ ಬೀಳುತ್ತಿತ್ತು.